ಮೂಗು ಚುಚ್ಚಿಸುವ ಮುಂಚೆ



ರಾಗಿ, ಕಬ್ಬು, ಗೊಬ್ಬರ ಎಂದು ಬರೆಯಬೇಕಾದವನು ಮೂಗುಬೊಟ್ಟಿನ ವಿಷಯಕ್ಕೆ ಏಕೆ ಕೈ ಹಾಕಿದ ಎಂದು ನೀವು ಕೇಳಬಹುದು. ಕಾರಣವಿದೆ. ಹೋರಿಗರುವಿಗೆ ಮೂಗುದಾರ ಹಾಕಿಸುವಾಗ ನಮ್ಮ ರೈತರು ಎಷ್ಟು ಯೋಚಿಸುತ್ತಾರೆ! ಹಳ್ಳಿಕಾರ್ ಕರುವಾದರಂತೂ ಹೇಳುವುದೇ ಬೇಡ. ಮಳೆಗಾಲದಲ್ಲಿ ಬೇಡ, ನೊಣ ಕೂತು ಹುಳು ಬಿದ್ದೀತು. ಕೈ ಪಳಗಿದವನೇ ಚುಚ್ಚಬೇಕು. ಗಾಯ ಮಾಯುವ ತನಕ ಯಾರೂ ದಾರ ಹಿಡಿದು ಎಳೆಯಕೂಡದು. ಅದೇ ಮನೆಯವರು ಮಗಳ ಮೂಗು ಚುಚ್ಚಿಸುವುದು ಯಾವಾಗ? ಜಾತ್ರೆಗೆ ಹೋದಾಗ, ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆಯಲ್ಲ ಎಂದು ನೆನಪಾದಾಗ.

ನನ್ನ ತಂಗಿಗೆ ಆದದ್ದೂ ಹಾಗೆಯೇ. ಒಂದು ಜಾತ್ರೆಯಲ್ಲಿ ಸಾಲಾಗಿ ನಿಂತಿದ್ದ ನಾಲ್ಕೈದು ಹುಡುಗಿಯರಿಗೆ ಒಂದೇ ಸೂಜಿಯಿಂದ ಚುಚ್ಚಿದರು. ನಡುನಡುವೆ ಹತ್ತಿಯಲ್ಲಿ ಒರೆಸಿಕೊಂಡದ್ದನ್ನು ನಾನೇ ನೋಡಿದೆ. ದುಡ್ಡು ಕೊಟ್ಟವನೂ ನಾನೇ. ಆರನೆಯ ದಿನ ಹೊಳ್ಳೆ ಊದಿತು. ನೆರೆಮನೆಯವರು ಹೇಳಿದಂತೆ ಅರಿಶಿನ, ಸುಣ್ಣ ಕಲಸಿ ಹಚ್ಚಿದೆವು. ಒಂಬತ್ತನೆಯ ದಿನ ಬಾವು ಏರಿ ಒಂದು ಕಣ್ಣು ಮುಚ್ಚಿಕೊಂಡಿತು. ಆಸ್ಪತ್ರೆಯಲ್ಲಿ ಐದು ದಿನ ಇಂಜೆಕ್ಷನ್ ಕೊಡಬೇಕಾಯಿತು. ಇನ್ನೆರಡು ದಿನ ತಡವಾಗಿದ್ದರೆ ಏನಾಗಬಹುದಿತ್ತು ಎಂದು ವೈದ್ಯರು ಹೇಳಿದ ಮೇಲೆ ನನ್ನ ಅವ್ವ ಆ ರಾತ್ರಿ ಊಟ ಮಾಡಲಿಲ್ಲ.

ಜನ ಚುಚ್ಚುವ ಗಳಿಗೆಯನ್ನು ನೆನೆದು ಹೆದರುತ್ತಾರೆ. ಆ ನೋವು ಕಣ್ಣಲ್ಲಿ ಒಂದು ಹನಿ ನೀರು ತರಿಸಿ ಮುಗಿಯುತ್ತದೆ. ಹೆದರಬೇಕಾದದ್ದು, ಲೆಕ್ಕ ಹಾಕಬೇಕಾದದ್ದು ಅನಂತರದ ದಿನಗಳಿಗೆ. ಕಿವಿಯ ಹಾಲೆ ಸುಮಾರು ಆರು ವಾರದಲ್ಲಿ ಮಾಯುತ್ತದೆ. ಮೂಗಿನ ಹೊಳ್ಳೆಗೆ ಎರಡರಿಂದ ನಾಲ್ಕು ತಿಂಗಳು ಬೇಕು, ಕೆಲವರಿಗೆ ಆರು ತಿಂಗಳೂ ಹಿಡಿಯುತ್ತದೆ. ಏಕೆಂದರೆ ಮೂಗಿನಲ್ಲಿ ಮೃದುವಾದ ಎಲುಬು, ಅಂದರೆ ಮೃದ್ವಸ್ಥಿ ಇದೆ. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲದ್ದರಿಂದ ಅಲ್ಲಿಗೆ ಕೀವು ಇಳಿದರೆ ಬೇಗ ವಾಸಿಯಾಗದು. ಜೊತೆಗೆ ಹೊಳ್ಳೆಯ ಒಳಭಾಗ ಸದಾ ತೇವ. ಹೊರಗಿನ ಧೂಳೆಲ್ಲ ಹಾದುಹೋಗುವ ದಾರಿಯೇ ಅದು.

ಆದ್ದರಿಂದ ದಿನ ನೋಡುವಾಗ ಪಂಚಾಂಗದ ಜೊತೆಗೆ ಹೊಲದ ಕೆಲಸವನ್ನೂ ನೋಡಿರಿ. ರಾಗಿ ಒಕ್ಕಣೆಯ ವಾರಗಳಲ್ಲಿ ಚುಚ್ಚಿಸಬೇಡಿ. ಕಣದ ಧೂಳು ಹಸಿ ಗಾಯಕ್ಕೆ ತಕ್ಕದ್ದಲ್ಲ. ಕೊಟ್ಟಿಗೆ ಗುಡಿಸಿ ಸಗಣಿ ಬಾಚುವ ಕೆಲಸ ಮಗಳದ್ದಾದರೆ ಕೆಲವು ದಿನ ಆ ಕೆಲಸವನ್ನು ಮನೆಯ ಗಂಡಸರು ಮಾಡಲಿ. (ಮಾಡಿದರೆ ಏನೂ ಕಡಿಮೆಯಾಗದು, ನಾನು ಮಾಡಿದ್ದೇನೆ.) ಮದುವೆಗೆ ಎಂಟು ದಿನ ಇರುವಾಗ ಚುಚ್ಚಿಸಿ, ಊದಿದ ಮೂಗಿನಲ್ಲೇ ಹುಡುಗಿಯನ್ನು ಹಸೆಮಣೆಯ ಮೇಲೆ ಕೂರಿಸುವವರಿದ್ದಾರೆ, ಕಡೇಪಕ್ಷ ಮೂರು ತಿಂಗಳು ಮೊದಲೇ ಮಾಡಿಸಿರಿ. ಮಗಳು ನೀಟ್ ಪರೀಕ್ಷೆಗೆ ಕೂರುವವಳಾದರೆ ಇದನ್ನೂ ನೆನಪಿಡಿ: ಪರೀಕ್ಷೆಯ ಕೊಠಡಿಗೆ ಮೂಗುಬೊಟ್ಟು ಧರಿಸಿ ಹೋಗುವಂತಿಲ್ಲ. ಹಸಿ ತೂತಿನಿಂದ ಬೊಟ್ಟು ತೆಗೆದರೆ ಕೆಲವೇ ಗಂಟೆಗಳಲ್ಲಿ ತೂತು ಮುಚ್ಚತೊಡಗುತ್ತದೆ. ಪರೀಕ್ಷೆ ಮುಗಿದ ಮೇಲೆಯೇ ಚುಚ್ಚಿಸುವುದು ಲೇಸು.

ಹಾಗಾದರೆ ಚುಚ್ಚಿಸಲೇಬೇಕೆ? ಬರಿಮೂಗಿನ ಹೆಣ್ಣು ಲಕ್ಷಣವಲ್ಲ, ಇದು ಅನಾದಿಯಿಂದ ಬಂದದ್ದು ಎಂದು ಹಿರಿಯರು ಹೇಳುವುದುಂಟು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅಂಥ ಹೊಯ್ಸಳ ಗುಡಿಗಳ ಶಿಲ್ಪದ ಹೆಂಗಸರ ಕಿವಿಗೆ, ಕೊರಳಿಗೆ, ಸೊಂಟಕ್ಕೆ, ಕಾಲಿಗೆ ಒಡವೆಯೋ ಒಡವೆ; ಮೂಗು ಮಾತ್ರ ಬರಿದು. ಹಳೆಯ ಶಿಲ್ಪಗಳಲ್ಲಿ ಮೂಗಿನ ಒಡವೆ ಕಾಣದಿರುವುದನ್ನು ಇತಿಹಾಸಕಾರ ಎ.ಎಸ್. ಅಳ್ತೇಕರ್ ಅವರು 1938ರ ತಮ್ಮ ಪುಸ್ತಕದಲ್ಲಿ ಎತ್ತಿ ಹೇಳಿದ್ದಾರೆ. ಮೂಗು ಚುಚ್ಚಿದರೆ ಹೆರಿಗೆ ಸುಲಭ ಎಂಬ ಮಾತಿಗೂ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಚೆಂದಕ್ಕೆ ಚುಚ್ಚಿಸಿಕೊಳ್ಳುವುದಾದರೆ ಸಂತೋಷ. ಅದು ಹುಡುಗಿಯ ಇಷ್ಟವಾಗಿರಲಿ. ಎಡವೋ ಬಲವೋ ಮನೆಯ ರೂಢಿಯಂತೆ ಆಗಲಿ. ಗಾಯವನ್ನು ತಾನೇ ತೊಳೆದುಕೊಳ್ಳುವಷ್ಟು ತಿಳಿವಳಿಕೆ ಬಾರದ ಕೂಸಿಗೆ ಮಾತ್ರ ಬೇಡ.

ಈಗ ಧನುರ್ವಾಯುವಿನ ಮಾತು. ಅದರ ರೋಗಾಣು ಮಣ್ಣಿನಲ್ಲಿ, ದನದ ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ನಮ್ಮ ಕೈಗೆ ಅಂಟದೆ ಇರುವ ದಿನವೇ ಇಲ್ಲ ಎನ್ನಬಹುದು. ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಎಂದು 2015ರಲ್ಲಿ ದೃಢಪಟ್ಟಿತು. ಅದು ಲಸಿಕೆಯಿಂದ, ಶುಚಿಯಾದ ಹೆರಿಗೆಯಿಂದ ಆದದ್ದು. ಮಣ್ಣಿನಿಂದ ರೋಗಾಣು ಹೋಗಿಲ್ಲ. ಮಕ್ಕಳಿಗೆ ಎಳವೆಯ ಚುಚ್ಚುಮದ್ದುಗಳ ಮೇಲೆ 10ನೆಯ ವಯಸ್ಸಿನಲ್ಲಿ ಒಂದು, 16ನೆಯ ವಯಸ್ಸಿನಲ್ಲಿ ಒಂದು ಟಿಡಿ ಲಸಿಕೆ ಸರಕಾರದಿಂದ ಉಚಿತವಾಗಿ ಸಿಗುತ್ತದೆ. ತಾಯಿ ಕಾರ್ಡು ಹುಡುಕಿ ತೆಗೆಯಿರಿ. ಲಸಿಕೆ ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಮೂಗು ಚುಚ್ಚಿಸುವ ಕೆಲವು ವಾರ ಮೊದಲೇ ಹಾಕಿಸಿರಿ. ಚುಚ್ಚಿದ ದಿನ ಓಡಿದರೆ ಸಾಲದು. ಲಸಿಕೆಯ ಶಕ್ತಿ ಮೈಯಲ್ಲಿ ಕೂಡಲು ಸಮಯ ಬೇಕು.

ಚುಚ್ಚುವವರು ಯಾರು? ಅಕ್ಕಸಾಲಿಯೇ ಆಗಲಿ, ಆಸ್ಪತ್ರೆಯವರೇ ಆಗಲಿ, ಸೂಜಿ ನಿಮ್ಮ ಕಣ್ಣೆದುರು ಹೊಸ ಪೊಟ್ಟಣದಿಂದ ಹೊರಬರಬೇಕು. ಒಬ್ಬರ ರಕ್ತ ತಗುಲಿದ ಸೂಜಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ಎಂಬ ಕಾಮಾಲೆಯೂ ಎಚ್‌ಐವಿಯೂ ಅಂಟಬಹುದು. ಸ್ಪಿರಿಟ್ಟಿನಲ್ಲಿ ಒರೆಸಿದ ಮಾತ್ರಕ್ಕೆ ಸೂಜಿ ಶುದ್ಧವಾಗದು. ಕೈ ಸೋಪಿನಲ್ಲಿ ತೊಳೆದಿರಬೇಕು, ಹೊಸ ಕೈಗವಸು ಇರಬೇಕು. ಅಂಗಡಿಗಳಲ್ಲಿ ಕಾಣುವ ‘ಗನ್’ ಕಿವಿಯ ಹಾಲೆಗೆಂದು ಮಾಡಿದ್ದು. ಅದು ಮೊಂಡಾದ ಬೊಟ್ಟನ್ನೇ ಬಲವಾಗಿ ನುಗ್ಗಿಸಿ ಸುತ್ತಲಿನ ಮೃದ್ವಸ್ಥಿಯನ್ನು ಜಜ್ಜುತ್ತದೆ. ಮೂಗಿಗೆ ಅದು ಬೇಡವೇ ಬೇಡ. ಮೊದಲು ಪೆನ್ನಿನಲ್ಲಿ ಗುರುತು ಹಾಕಿಸಿ, ಕನ್ನಡಿಯಲ್ಲಿ ಹುಡುಗಿಗೆ ತೋರಿಸಿ, ಅವಳು ಸರಿ ಎಂದ ಮೇಲೆ ಚುಚ್ಚಿಸಿರಿ.

ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳತಕ್ಕದ್ದು. ಹಳೆಯ ಗಾಯದ ಮೇಲೆ ಗಂಟುಗಂಟಾಗಿ ಚರ್ಮ ಬೆಳೆಯುವ ಗುಣ ಕೆಲವು ಮನೆತನಗಳಲ್ಲಿರುತ್ತದೆ. ನಿಮಗೋ, ತಾಯಿಗೋ, ಅಕ್ಕನಿಗೋ ಹಾಗಾಗಿದ್ದರೆ ಮೂಗಿನ ಆಸೆ ಬಿಡುವುದೇ ಮೇಲು.

ಮೊದಲ ಬೊಟ್ಟಿಗೆ ಬಣ್ಣದ ಅಂಗಡಿಯ ಹೊಳೆಯುವ ಲೋಹ ತರಬೇಡಿ. ಅದರಲ್ಲಿ ಹೆಚ್ಚಾಗಿ ನಿಕಲ್ ಇರುತ್ತದೆ. ಹಲವರ ಚರ್ಮಕ್ಕೆ ಅದು ಒಗ್ಗದೆ ತುರಿಕೆ, ರಸಿಕೆ ಬರುತ್ತದೆ. 22 ಕ್ಯಾರೆಟ್ ಚಿನ್ನ ಒಳ್ಳೆಯದು. ಆದರೆ ಒಂದು ಎಚ್ಚರಿಕೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಮೂಗುಬೊಟ್ಟು ಅಷ್ಟು ತೂಗುವುದು ಅಪರೂಪ. ಆದಕಾರಣ ಪರಿಚಯದ ಅಕ್ಕಸಾಲಿಯ ಬಳಿಯೇ ಕೊಳ್ಳಿರಿ, ಕ್ಯಾರೆಟ್ ಬರೆಸಿ ರಸೀದಿ ಪಡೆಯಿರಿ.

ಮನೆಯ ಆರೈಕೆಗೆ ಖರ್ಚಿಲ್ಲ. ಒಂದು ದೊಡ್ಡ ಲೋಟ ನೀರನ್ನು ಕುದಿಸಿ ಆರಿಸಿ ಕಾಲು ಟೀ ಚಮಚ ಉಪ್ಪು ಹಾಕಿರಿ. ಕೈ ತೊಳೆದು, ಶುದ್ಧ ಹತ್ತಿಯನ್ನು ಅದರಲ್ಲಿ ಅದ್ದಿ, ಬೆಳಿಗ್ಗೆ ಸಂಜೆ ಗಾಯದ ಮೇಲೆ ಇಟ್ಟು ಹಕ್ಕಳೆ ನೆನೆದ ಮೇಲೆ ಮೆಲ್ಲಗೆ ಒರೆಸಿರಿ. ದಿನವೂ ಬೊಟ್ಟು ತಿರುಗಿಸಬೇಕೆಂದು ಹೇಳುವವರ ಮಾತು ಕೇಳಬೇಡಿ. ತಿರುಗಿಸಿದಷ್ಟೂ ಒಳಗೆ ಹೊಸ ಚರ್ಮ ಹರಿಯುತ್ತದೆ. ಅಡಿಗೆಮನೆಯ ಡಬ್ಬಿಯ ಅರಿಶಿನ, ಎಣ್ಣೆ, ಬೂದಿ ಯಾವುದೂ ಬೇಡ. ಸುಣ್ಣವಂತೂ ಚರ್ಮವನ್ನೇ ಸುಡುತ್ತದೆ. ನಾವು ಮಾಡಿ ಕೆಟ್ಟಿದ್ದೇವೆ. ಕೆರೆ, ನಾಲೆಯಲ್ಲಿ ಮುಳುಗುವ ಸ್ನಾನ ಸ್ವಲ್ಪ ಕಾಲ ಬಿಡಿ. ಟವಲಿನ ಎಳೆ ಬೊಟ್ಟಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಮೊದಲ ಕೆಲವು ದಿನ ಸ್ವಲ್ಪ ಊತ, ತಿಳಿನೀರು ಸಹಜ. ಹಳದಿ ಅಥವಾ ಹಸಿರು ಕೀವು, ಮಿಡಿಯುವ ನೋವು, ಹರಡುತ್ತಿರುವ ಕೆಂಪು, ಜ್ವರ ಇವು ಕಂಡರೆ ಆಸ್ಪತ್ರೆಗೆ ಹೋಗಿ. ಬಾವು ಕಣ್ಣಿನ ಕಡೆ ಏರಿದರೆ ಅದೇ ದಿನ, ರಾತ್ರಿಯಾದರೂ ಹೋಗತಕ್ಕದ್ದು. ಮೂಗು ಮತ್ತು ಮೇಲ್ತುಟಿಯ ಭಾಗದ ರಕ್ತನಾಳಗಳಿಗೆ ತಲೆಯೊಳಗಿನ ನಾಳಗಳ ಜೊತೆ ಸಂಪರ್ಕವಿದೆ. ನಂಜು ಮಿದುಳಿಗೆ ಏರುವ ದಾರಿ ಅದು. ಕೀವನ್ನು ಹಿಸುಕಬೇಡಿ. ಬೊಟ್ಟನ್ನು ನೀವಾಗಿ ಕೀಳಬೇಡಿ. ತೂತು ಮುಚ್ಚಿ ಕೀವು ಒಳಗೇ ನಿಲ್ಲಬಹುದು. ತೆಗೆಯಬೇಕೋ ಬೇಡವೋ ವೈದ್ಯರು ಹೇಳಲಿ. ದವಡೆ ಬಿಗಿದು ಬಾಯಿ ತೆರೆಯಲಾಗದಿದ್ದರೆ ಅದು ಧನುರ್ವಾಯುವಿನ ಗುರುತು. ಒಂದು ಗಳಿಗೆಯೂ ತಡಮಾಡಕೂಡದು.

ನನ್ನ ತಂಗಿ ಎರಡು ವರ್ಷ ಬಿಟ್ಟು ಇನ್ನೊಂದು ಕಡೆ ಚುಚ್ಚಿಸಿಕೊಂಡಳು, ಈ ಸಲ ಒಕ್ಕಣೆ ಮುಗಿದ ಮೇಲೆ, ಹೊಸ ಸೂಜಿಯಲ್ಲಿ. ನಾಲ್ಕು ತಿಂಗಳು ಒಂದೇ ಬೊಟ್ಟು ಇಟ್ಟುಕೊಂಡಿದ್ದು, ಆಮೇಲೆ ಅವ್ವನ ಕೆಂಪು ಹರಳಿನದನ್ನು ಹಾಕಿಕೊಂಡಳು. ಎಡಹೊಳ್ಳೆಯ ಮೇಲೆ ಹಳೆಯ ಗುರುತು ಇನ್ನೂ ಇದೆ.