ಘರ್‌ಕುಲ್ ಎಲ್ಲಿಗೆ ಬಂತು? ನಾವೇ ನೋಡಿಕೊಳ್ಳೋಣ



ಭಂಡಾರಕವಠೆ, ಅಕ್ಕಲಕೋಟೆ ಕಡೆಯ ಅನೇಕ ಹಿರಿಯರಿಗೆ ಮರಾಠಿ ಓದಲು ಬಾರದು. ಘರ್‌ಕುಲ್ ಯಾದಿಯಲ್ಲಿ ಹೆಸರಿದ್ದರೂ ಅವರಿಗೆ ತಿಳಿಯುವುದಿಲ್ಲ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಮೂಲ ನೆರವು ₹1.20 ಲಕ್ಷ. ಕಟ್ಟಡದ ಹಂತಗಳ ಫೋಟೋ ಏರಿಸಿದಂತೆ ಕಂತುಗಳು ನೇರ ಬ್ಯಾಂಕ್ ಖಾತೆಗೆ ಬರುತ್ತವೆ.

ಗ್ರಾಮಸಭೆಯಲ್ಲಿ ಯಾದಿ ಓದಿಸಿ. ನೋಂದಣಿ ಸಂಖ್ಯೆ ಹಾಕಿ ಯೋಜನೆಯ ಜಾಲತಾಣದಲ್ಲಿ ಕಂತು ನೋಡಿ. ಕಂತು ನಿಂತಿದ್ದರೆ ಗ್ರಾಮಸೇವಕರಿಗೆ ಲಿಖಿತ ಅರ್ಜಿ ಕೊಟ್ಟು ಪೋಚ್ ಪಾವತಿ ಪಡೆಯಿರಿ. ಬಾಯಿಮಾತು ಕಡತಕ್ಕೆ ಸೇರುವುದಿಲ್ಲ, ಇದು ಹಳೆಯ ಗುಮಾಸ್ತನ ಅನುಭವ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು.

ಕುಂಭಾರಿಯ ರೇನಗರದಲ್ಲಿ ಬೀಡಿ ಕಾರ್ಮಿಕರು ಮೊದಲಾದವರಿಗೆ ಯೋಜಿಸಿದ್ದು 30,000 ಮನೆ. 2024ರ ಜನವರಿ 19ರಂದು ಹಸ್ತಾಂತರಕ್ಕೆ ಚಾಲನೆ ಸಿಕ್ಕಿದ್ದು 15,000ಕ್ಕೆ. ಉಳಿದವುಗಳ ಲೆಕ್ಕವನ್ನೂ ಹೀಗೆಯೇ ಕೇಳಬಹುದು.

ಮರಾಠಿ ಪತ್ರ ಬಂದಿದ್ದರೆ ಸಂಘಕ್ಕೆ ತನ್ನಿ, ಕನ್ನಡದಲ್ಲಿ ಓದಿ ಹೇಳುತ್ತೇವೆ.

– ಕಾರ್ಯದರ್ಶಿ