ಹೊಟ್ಟೆಯೊಳಗಿನ ಸಂಸಾರಕ್ಕೂ ಊಟ ಬೇಕು



ವಾರದ ಸಭೆ ಮುಗಿದು ಉಳಿತಾಯದ ಪುಸ್ತಕಗಳು ಚೀಲ ಸೇರಿದ ಮೇಲೆ ಶುರುವಾಗುವ ಮಾತು ನಿಮಗೆ ಗೊತ್ತೇ ಇದೆ. ಒಬ್ಬರಿಗೆ ಗ್ಯಾಸು, ಇನ್ನೊಬ್ಬರಿಗೆ ಮಲಬದ್ಧತೆ, ಮತ್ತೊಬ್ಬರಿಗೆ ಶುಗರ್. "ಊರಲ್ಲಿದ್ದಾಗ ಇದ್ಯಾವುದೂ ಇರಲಿಲ್ಲ ಕಣಕ್ಕಾ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ. ಬಿಟಿಎಂ ಅನ್ನುವ ಹೆಸರು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿಂದ ಬಂದದ್ದು. ಈಗ ಇಲ್ಲಿರುವ ನಮ್ಮಲ್ಲಿ ಬಹಳ ಮಂದಿ ಬೇರೆ ಬೇರೆ ಜಿಲ್ಲೆಗಳಿಂದ ಬಂದವರು. ಗಾರ್ಮೆಂಟ್ಸ್‌ಗೆ, ಪಿ.ಜಿ. ಅಡುಗೆಗೆ, ಮನೆಗೆಲಸಕ್ಕೆ ಬೆಳಿಗ್ಗೆಯೇ ಹೊರಡುವವರಿಗೆ ಮುದ್ದೆ ತಿರುವೋಕೆ ಪುರುಸೊತ್ತೆಲ್ಲಿ? ಬಿಳಿ ಅನ್ನ, ತಿಳಿಸಾರು, ಸಂಜೆ ಟೀ ಜೊತೆ ಬನ್ನು. ಹೊಟ್ಟೆಯೇನೋ ತುಂಬುತ್ತದೆ. ಆದರೆ ನಮ್ಮೊಳಗಿರುವ ಇನ್ನೊಂದು ಸಂಸಾರ ಉಪವಾಸ ಬೀಳುತ್ತದೆ.

ಯಾವುದದು? ನಮ್ಮ ದೊಡ್ಡ ಕರುಳಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ವಾಸ ಮಾಡುತ್ತವೆ. 2016ರ ಒಂದು ಲೆಕ್ಕದ ಪ್ರಕಾರ ಒಬ್ಬ ಮನುಷ್ಯನ ದೇಹದಲ್ಲಿ ಅವು ಸುಮಾರು 38 ಲಕ್ಷ ಕೋಟಿ, ಹೆಚ್ಚುಕಡಿಮೆ ನಮ್ಮ ಸ್ವಂತ ಜೀವಕೋಶಗಳಷ್ಟೇ! ಹೆದರಬೇಡಿ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾನೇ.

ಅನ್ನ, ಸಕ್ಕರೆ, ಎಣ್ಣೆ ಬಹುಪಾಲು ಸಣ್ಣ ಕರುಳಿನಲ್ಲೇ ಅರಗಿಹೋಗುತ್ತವೆ. ಸೊಪ್ಪು, ತರಕಾರಿ, ಕಾಳಿನ ಸಿಪ್ಪೆಯಲ್ಲಿರುವ ನಾರನ್ನು ಮಾತ್ರ ನಮ್ಮಿಂದ ಅರಗಿಸೋಕಾಗಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ನಾರನ್ನು ಹುದುಗಿಸಿ ಕೆಲವು ಆಮ್ಲಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಬ್ಯುಟಿರೇಟ್ ಎಂಬುದು ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ನಾರು ಸಿಗದಿದ್ದರೆ? 2016ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಒಂದು ಪ್ರಯೋಗದಲ್ಲಿ ಹಸಿದ ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗಿದವು. ಊಟ ಹಾಕದಿದ್ದರೆ ಮನೆಯವರೇ ಗೋಡೆ ಕೆರೆದು ತಿಂದ ಹಾಗೆ.

ಊರು ಬಿಟ್ಟು ಬಂದವರ ಕಥೆಯೂ ಪರೀಕ್ಷೆಯಾಗಿದೆ. ಥೈಲ್ಯಾಂಡ್‌ನಿಂದ ಅಮೆರಿಕದ ಮಿನ್ನೆಸೋಟಾಕ್ಕೆ ವಲಸೆ ಹೋದ ಮಾಂಗ್ ಮತ್ತು ಕರೆನ್ ಜನರನ್ನು ಪರೀಕ್ಷಿಸಿದಾಗ, ಅವರ ಕರುಳಿನ ಬ್ಯಾಕ್ಟೀರಿಯಾ ತಳಿಗಳು ಕಡಿಮೆಯಾಗಿದ್ದು 2018ರಲ್ಲಿ ವರದಿಯಾಯಿತು. ಹೆಚ್ಚು ವರ್ಷ ಅಲ್ಲಿದ್ದಷ್ಟೂ ನಷ್ಟ ಹೆಚ್ಚು. ಅದಕ್ಕೂ ಮೊದಲು, 2010ರಲ್ಲಿ, ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಒಂದು ಹಳ್ಳಿಯ ಮಕ್ಕಳನ್ನು ಇಟಲಿಯ ಫ್ಲಾರೆನ್ಸ್ ನಗರದ ಮಕ್ಕಳ ಜೊತೆ ಹೋಲಿಸಿ ನೋಡಿದ್ದರು. ಸಜ್ಜೆ, ಜೋಳ, ಕಾಳು ತಿನ್ನುವ ಹಳ್ಳಿ ಮಕ್ಕಳ ಕರುಳಿನಲ್ಲೇ ನಾರು ಅರಗಿಸುವ ಬ್ಯಾಕ್ಟೀರಿಯಾಗಳು, ಆ ಒಳ್ಳೆಯ ಆಮ್ಲಗಳು ಹೆಚ್ಚಿದ್ದವು. ಬಡವರ ಧಾನ್ಯ ಅಂತ ನಾವೇ ಪಕ್ಕಕ್ಕಿಟ್ಟದ್ದು ಇದನ್ನೇ ಅಲ್ವಾ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರೇಷನ್ ಅಕ್ಕಿ ಬಿಡಿ ಅಂತಲ್ಲ. ಅನ್ನದ ಪಕ್ಕದಲ್ಲಿ ಏನಿದೆ ಅನ್ನುವುದೇ ಪ್ರಶ್ನೆ. ದಂಟು, ಮೆಂತ್ಯ, ಸಬ್ಬಸಿಗೆ ಹಾಕಿದ ಮಸ್ಸೊಪ್ಪು, ಹುರುಳಿಕಾಳಿನ ಬಸ್ಸಾರು, ಅಲಸಂದೆ ಪಲ್ಯ, ಒಂದು ಬಾಳೆಹಣ್ಣು. ಮಡಿವಾಳ ಮಾರ್ಕೆಟ್‌ನಲ್ಲಿ ಒಂದೇ ಸೊಪ್ಪು ಹಿಡಿದು ಬರುವ ಬದಲು ವಾರವಾರ ಬದಲಿಸಿ ತನ್ನಿ. ಬೇರೆ ಬೇರೆ ಬ್ಯಾಕ್ಟೀರಿಯಾಕ್ಕೆ ಬೇರೆ ಬೇರೆ ನಾರು ಬೇಕು.

"ಕಾಳು ತಿಂದರೆ ಗ್ಯಾಸಾಗುತ್ತೆ" ಅನ್ನುವವರಿದ್ದಾರೆ. ನಿಜ, ಒಮ್ಮೆಲೇ ಜಾಸ್ತಿ ತಿಂದರೆ ಆಗುತ್ತದೆ. ರಾತ್ರಿ ನೆನೆಸಿ ನೀರು ಚೆಲ್ಲಿ, ಆದರೆ ಮೊಳಕೆ ಕಟ್ಟಿ. ಸ್ವಲ್ಪದಿಂದ ಶುರುಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಕೆಲವೇ ವಾರಗಳಲ್ಲಿ ಹೊಟ್ಟೆ ಒಗ್ಗಿಕೊಳ್ಳುತ್ತದೆ.

ಮಜ್ಜಿಗೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಕುದಿಸಿದರೆ ಸಾಯುತ್ತದೆ. ಹಾಗಾಗಿ ರಾಗಿ ಅಂಬಲಿ ಆರಿದ ಮೇಲೆ ಮಜ್ಜಿಗೆ ಬೆರೆಸುವ ನಮ್ಮಜ್ಜಿಯರ ಕ್ರಮವೇ ಸರಿ. ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಇಂಥವೇ. ಹಬೆಯಲ್ಲಿ ಅವು ಉಳಿಯಲ್ಲ, ಆದರೂ ಹುದುಗಿದ ಹಿಟ್ಟು ಸುಲಭವಾಗಿ ಅರಗುತ್ತದೆ. ಮನೆಯಲ್ಲಿ ಮಜ್ಜಿಗೆ ಇರುವಾಗ ದುಬಾರಿ ಬಾಟಲಿಗಳಿಗೆ ಸಂಘದ ಸಾಲ ಖರ್ಚು ಮಾಡಬೇಡಿ.

ಬಾಣಂತಿಯರಿಗೆ ಒಂದು ಮಾತು. ತಾಯಿಯ ಹಾಲಿನಲ್ಲಿರುವ ಕೆಲವು ಸಕ್ಕರೆಗಳನ್ನು ಮಗು ಅರಗಿಸಲಾರದು. ಅವು ಮಗುವಿನ ಕರುಳಿನ ಬ್ಯಾಕ್ಟೀರಿಯಾಗಳಿಗೆಂದೇ ಇರುವ ಆಹಾರ! ಮೊದಲ 6 ತಿಂಗಳು ಎದೆಹಾಲು ಮಾತ್ರ ಸಾಕು, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆಗೆ ರಾಗಿ ಸರಿ.

ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾತ್ರೆ ಕೇಳಿ ನುಂಗುವುದನ್ನು ನಿಲ್ಲಿಸಿ. ನೆಗಡಿಗೆ ಅದು ಕೆಲಸವನ್ನೇ ಮಾಡಲ್ಲ, ಒಳ್ಳೆಯ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುತ್ತದೆ. ಡಾಕ್ಟರೇ ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟು ದಿನ ತಪ್ಪದೆ ತಗೊಳ್ಳಿ.

ಶುಗರ್ ಇರುವವರು ರಾಗಿ ಅಂತ ದೊಡ್ಡ ಮುದ್ದೆ ಉಣ್ಣಬೇಡಿ. ಅದರಲ್ಲೂ ಪಿಷ್ಟವಿದೆ. ಮುದ್ದೆ ಚಿಕ್ಕದಿರಲಿ, ಸೊಪ್ಪು ಕಾಳು ಹೆಚ್ಚಿರಲಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ನಿಲ್ಲದ ಭೇದಿ, ಇವುಗಳಲ್ಲಿ ಯಾವುದಿದ್ದರೂ ಮನೆಮದ್ದು ಮಾಡುತ್ತಾ ಕೂರಬೇಡಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಒಬ್ಬರೇ ಹೋಗೋಕೆ ಸಂಕೋಚವಾದರೆ ಸಂಘದ ಇನ್ನೊಬ್ಬ ಅಕ್ಕನನ್ನು ಕರೆದುಕೊಂಡು ಹೋಗಿ.