ಗುಂಡಿಗೆ ಬಿದ್ದ ಮೊಸಳೆ!

ಹಾದಿಬದಿಯಲ್ಲಿ ಚಿತ್ರ ಬರೆಯೋದು ಹಳೇ ಕಸುಬು ಸ್ವಾಮಿ. ಇಟಲಿಯಲ್ಲಿ ಹಬ್ಬ ಜಾತ್ರೆಗಳ ಬೆನ್ನು ಹತ್ತಿ ಊರೂರು ಸುತ್ತಿ, ಕಲ್ಲುಹಾಸಿನ ಮೇಲೆ ಮೇರಿಮಾತೆಯ ಚಿತ್ರ ಬರೆದು ಚಿಲ್ಲರೆ ಎತ್ತುತ್ತಿದ್ದವರಿಗೆ ‘ಮಡೊನ್ನಾರಿ’ ಎಂದೇ ಹೆಸರು. ಲಂಡನ್ನಿನಲ್ಲಿ ಇಂಥವರನ್ನು ‘ಸ್ಕ್ರೀವರ್’ ಅಂತಿದ್ದರು. ಕೈಯಲ್ಲಿ ಸೀಮೆಸುಣ್ಣ, ಪಕ್ಕದಲ್ಲಿ ಟೋಪಿ. ಮಳೆ ಹುಯ್ತೋ, ಚಿತ್ರವೂ ಹೋಯ್ತು, ಅವತ್ತಿನ ಊಟವೂ ಹೋಯ್ತು!

ನಮ್ಮ ಮೈಸೂರಿನ ಬಾದಲ್ ನಂಜುಂಡಸ್ವಾಮಿ ಅವರದ್ದು ಉಲ್ಟಾ ಲೆಕ್ಕ. ಚಿತ್ರ ಅಳಿಸಿ ಹೋಗಲಿ ಅಂತಲೇ ಬರೆಯೋದು.

2015ರ ಜೂನ್. ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ಪೈಪು ಒಡೆದು ಭಾರಿ ಗುಂಡಿ. ವಾರಗಟ್ಟಲೆ ಕೇಳೋರೇ ಇಲ್ಲ. ಈ ಕಲಾವಿದರು ಕೈಯಿಂದ ಸುಮಾರು 6,000 ರೂಪಾಯಿ ಹಾಕಿ, ಗುಂಡಿಯನ್ನು ಕೆರೆ ಮಾಡಿ, ಅದರೊಳಗೆ ಫೈಬರ್ ಮೊಸಳೆ ಬಿಟ್ಟರು. ಹೋಗಿ ಬರುವವರು ನಿಂತು ನೋಡಿದರು, ಫೋಟೋ ದೇಶವೆಲ್ಲಾ ಸುತ್ತಿತು, ಪಾಲಿಕೆಯವರು ಓಡಿಬಂದು ಗುಂಡಿ ಮುಚ್ಚಿದರು. (ಅರ್ಜಿ ಹಿಡಿದು ಅಲೆಯುವವರು ಗಮನಿಸಬೇಕು!)

2019ರಲ್ಲಿ ಹೇರೋಹಳ್ಳಿಯ ಹಳ್ಳಬಿದ್ದ ರಸ್ತೆಯಲ್ಲಿ ನಟರೊಬ್ಬರಿಗೆ ಗಗನಯಾತ್ರಿ ವೇಷ ಹಾಕಿಸಿ ರಾತ್ರಿ ನಡೆಸಿದರು. ವಿಡಿಯೊ ನೋಡಿದರೆ ಥೇಟ್ ಚಂದ್ರಲೋಕ. ಪಕ್ಕದಲ್ಲಿ ಆಟೋ ಹಾದಾಗಲೇ ಗೊತ್ತಾಗೋದು, ಇದು ನಮ್ಮೂರ ರಸ್ತೆ ಅಂತ. ಅದರ ಬೆನ್ನಿಗೇ ರಿಪೇರಿ ಶುರುವಾಯ್ತು.